ಸಲಹೆಯೋ, ಸಮಾಲೋಚನೆಯೋ?

ಕೌನ್ಸೆಲರನನ್ನು ಕನ್ನಡದಲ್ಲಿ ಕೆಲವರು ‘ಆಪ್ತಸಲಹೆಗಾರ’ ಎನ್ನುತ್ತಾರೆ. ಕೆಲವರು ‘ಆಪ್ತಸಮಾಲೋಚಕ’ ಎನ್ನುತ್ತಾರೆ. ಮೇಲುನೋಟಕ್ಕೆ ಎರಡೂ ಒಂದೇ. ಆದರೆ ಸಲಹೆ ಒಬ್ಬರು ಕೊಡುವುದು. ಸಮಾಲೋಚನೆ ಇಬ್ಬರು ಕೂಡಿ ಮಾಡುವುದು. ಈ ಎರಡರ ನಡುವಣ ಅಂತರವನ್ನು ತಿಳಿಯುವುದರಲ್ಲಿಯೇ ನನ್ನ ಈ ವರ್ಷ ಕಳೆಯಿತೆನ್ನಬೇಕು.

ಬಿ.ಎ. ತರಗತಿಯಲ್ಲಿ ಮನಶ್ಶಾಸ್ತ್ರವನ್ನು ಓದುತ್ತ, ವಾರಕ್ಕೆರಡು ಸಂಜೆ ಸ್ವಯಂಸೇವಕರ ತರಬೇತಿಗೆ ಹೋಗುತ್ತಿದ್ದೇನೆ. “ಬುದ್ಧಿ ಹೇಳೋದಕ್ಕೂ ಪಾಠ ಬೇಕೇನಪ್ಪ?” ಎಂದು ನಮ್ಮ ಅಜ್ಜಿ ನಕ್ಕರು. ನಿಜವೇ, ಪೀಣ್ಯದ ನಮ್ಮ ಬೀದಿಯಲ್ಲಿ ನೀರಿಗೆ ಅಭಾವವುಂಟು, ಬುದ್ಧಿಮಾತಿಗಿಲ್ಲ! ಆದರೆ ಅಲ್ಲಿ ನಮಗೆ ಕಲಿಸುವುದು ಹೇಳುವುದನ್ನಲ್ಲ, ಕೇಳುವುದನ್ನು. ಅಮೆರಿಕದ ಕಾರ್ಲ್ ರೋಜರ್ಸ್ 1957ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಸಮಾಲೋಚಕನಿಗೆ ಮುಖ್ಯವಾಗಿ ಮೂರು ಗುಣಗಳನ್ನು ವಿಧಿಸಿದರು: ಸೋಗಿಲ್ಲದ ನಡೆ, ಷರತ್ತಿಲ್ಲದ ಆದರ, ಎದುರಿನವನ ಕಣ್ಣಿನಿಂದ ಅವನ ಲೋಕವನ್ನು ಕಾಣುವ ಅನುಭೂತಿ. ಪರೀಕ್ಷೆಗೆ ಬರೆಯಲು ಇವು ಸುಲಭ. ಆಚರಣೆ ಬೇರೆ.

ಹೆಸರು, ಊರುಗಳನ್ನು ಬಿಟ್ಟು, ಒಪ್ಪಿಗೆ ಪಡೆದೇ ಒಂದು ಪ್ರಸಂಗವನ್ನು ಹೇಳುತ್ತೇನೆ. ಉತ್ತರ ಕರ್ನಾಟಕದಿಂದ ದುಡಿಯಲು ಬಂದ ತರುಣನೊಬ್ಬ. ಪ್ರೆಸ್ಸಿಗೆ ಸಿಕ್ಕಿ ಬಲಗೈಯ ಎರಡು ಬೆರಳು ಹೋಗಿದ್ದವು. ನಮ್ಮ ಗುರುಗಳ ಸಮ್ಮುಖದಲ್ಲಿ ನನ್ನೆದುರು ಕುಳಿತು, “ಬೆರಳು ಹೋದ್ವು, ಹೋಗ್ಲಿ ಅಣ್ಣಾ, ಅವ್ವಗ ಈ ಕೈ ಹ್ಯಾಂಗ ತೋರಿಸ್ಲಿ?” ಎಂದ. ಧೈರ್ಯದ ಮಾತು, ಇ.ಎಸ್.ಐ. ಪರಿಹಾರದ ವಿವರ, ಎಲ್ಲವೂ ನನ್ನ ನಾಲಗೆಯ ತುದಿಗೆ ಬಂದು ನಿಂತವು. ನಾನು ಸುಮ್ಮನಿದ್ದೆ. ಆ ಮೌನದಲ್ಲಿ ನನಗೆ ಕಂಡದ್ದು ನನ್ನ ಮನಸ್ಸೇ: ಮಾತಾಡಬೇಕೆಂಬ ಆತುರ ಅವನ ಅಗತ್ಯದಿಂದ ಹುಟ್ಟಿದ್ದಲ್ಲ, ಅವನ ಕಣ್ಣೀರನ್ನು ನೋಡಲಾರದ ನನ್ನ ಕಳವಳದಿಂದ ಹುಟ್ಟಿದ್ದು. ಬಹಳ ಹೊತ್ತಿನ ಮೇಲೆ ಅವನೇ, “ಮೊದ್ಲ ತಂಗಿಗೆ ಫೋನ್ ಮಾಡಿ ಹೇಳ್ತೀನಿ” ಎಂದ. ಆ ದಾರಿ ನನಗೆ ತೋಚಿರಲಿಲ್ಲ. ಅವನ ಮನೆಯನ್ನು ಬಲ್ಲವನು ಅವನಲ್ಲವೆ? ಪರಿಹಾರದ ಮಾತು ಆಮೇಲೆ ಬಂತು. ಅದನ್ನು ಅವನು ಗಮನವಿಟ್ಟು ಕೇಳಿದ.

ಕೇಳುವಿಕೆಗೂ ಎಲ್ಲೆಯುಂಟು. ಬದುಕೇ ಬೇಡವೆನ್ನುವವರನ್ನು ಒಂಟಿಯಾಗಿ ಬಿಡದೆ, ತಡಮಾಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕೆಂಬುದು ನಮ್ಮ ಮೊದಲ ಪಾಠಗಳಲ್ಲೊಂದು. 1954ರಲ್ಲಿ ಆರಂಭವಾದ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯೂ ಇಲ್ಲಿನ ಮಾನಸಿಕ ಆಸ್ಪತ್ರೆಯೂ 1974ರಲ್ಲಿ ಕೂಡಿ ನಿಮ್ಹಾನ್ಸ್ ಆಯಿತು. ಅದು ನಮ್ಮ ಬೆಂಗಳೂರಿನಲ್ಲಿಯೇ ಇದೆ. 2022ರ ಅಕ್ಟೋಬರಿನಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಗೆ 14416ಕ್ಕೆ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಹಣ ತೆರಬೇಕಾಗಿಲ್ಲ.

ಸಹಪಾಠಿಗಳೇ, ನಮ್ಮಲ್ಲಿ ಎಷ್ಟೋ ಮಂದಿ ರಾತ್ರಿ ಪಾಳಿ ಮುಗಿಸಿ ನೇರವಾಗಿ ತರಗತಿಗೆ ಬರುವವರು. ಪಕ್ಕದ ಬೆಂಚಿನವನು ಏನನ್ನೋ ಹೇಳಲು ಬಾಯಿ ತೆರೆದು ಸುಮ್ಮನಾದರೆ, ಗಂಟೆ ಹೊಡೆದರೂ ಒಂದು ಗಳಿಗೆ ಅವನೊಡನೆ ಕುಳಿತಿರೋಣ. ಅದಕ್ಕೆ ಸರ್ಟಿಫಿಕೇಟು ಬೇಕಾಗಿಲ್ಲ.