ಮೂಲೆಯಂಗಡಿಯ ಪತ್ರಗಳು

ಪ್ರಸಾದನಿಲಯದಲ್ಲಿ ಉಂಡು, ಮಠದ ಪಾಠಶಾಲೆಯಲ್ಲಿ ಸಂಸ್ಕೃತವನ್ನೂ ವಚನಶಾಸ್ತ್ರವನ್ನೂ ಓದಿದವನೊಬ್ಬನು ಹಾಲಿವುಡ್ಡಿನ ಪ್ರಣಯಹಾಸ್ಯದ ಚಿತ್ರಗಳನ್ನು ಕುರಿತು ಈ ಪುಟಗಳಲ್ಲಿ ಬರೆಯಹೊರಟರೆ ಓದುಗ ಬಂಧುಗಳು ಹುಬ್ಬೇರಿಸುವುದು ಸಹಜ. ನನ್ನ ಹೆಸರು ಕಂಡೊಡನೆ ಷಟ್‌ಸ್ಥಲದ ಮೇಲೋ ಶೂನ್ಯಸಂಪಾದನೆಯ ಪಾಠಾಂತರಗಳ ಮೇಲೋ ಲೇಖನವಿದ್ದೀತೆಂದು ಓದಲು ಕೂಡುವ ಹಿರಿಯರುಂಟು. ಅದೇ ಕಾರಣಕ್ಕೆ ಪುಟ ಮಗುಚುವ ಕಿರಿಯರೂ ಉಂಟು. ಈ ಸಲ ಇಬ್ಬರ ಎಣಿಕೆಯೂ ತಪ್ಪುತ್ತದೆ.

ನಾವು ಮಠದಲ್ಲಿದ್ದಾಗ ಸಿನೆಮಾ ನಿಷಿದ್ಧವಾಗಿತ್ತು. ಜಾತ್ರೆಯ ಟೂರಿಂಗ್ ಟಾಕೀಸಿನ ಹಾಡುಗಳು ಗಾಳಿಯಲ್ಲಿ ತೇಲಿ ಬಂದು ಕಿವಿಗೆ ಬೀಳುತ್ತಿದ್ದುದನ್ನು ಮಾತ್ರ ಯಾರೂ ತಡೆಯಲಾಗಲಿಲ್ಲ. ನಾನು ಗೃಹಸ್ಥನಾಗಿ, ಅಧ್ಯಾಪಕನಾಗಿ, ಎರಡು ಮಕ್ಕಳ ತಂದೆಯಾದ ಮೇಲೂ ಚಿತ್ರಮಂದಿರದ ಮೆಟ್ಟಿಲು ಹತ್ತಿದ್ದು ಬಹಳ ಕಡಿಮೆ. ಹೀಗಿರುವಾಗ 1995ರಲ್ಲಿ ನಮ್ಮ ದೇಶಕ್ಕೆ ಕಾರ್ಟೂನ್ ನೆಟ್‌ವರ್ಕ್ ಬಂದಿತು. ಕೇಬಲ್ಲಿನವನು ಅದನ್ನು ನಮ್ಮ ಓಣಿಗೂ ತಂದನು. ಆಗ ಆ ವಾಹಿನಿಗೊಂದು ವಿಚಿತ್ರವಿತ್ತು. ಹಗಲೆಲ್ಲ ಬೆಕ್ಕು ಇಲಿಗಳ ಓಟ. ಅದು ಮುಗಿದೊಡನೆ ಅದೇ ವಾಹಿನಿಯಲ್ಲಿ ಟಿ.ಎನ್.ಟಿ. ಎಂಬ ಹೆಸರಿನಿಂದ ಹಳೆಯ ಅಮೆರಿಕನ್ ಚಿತ್ರಗಳು. ಮಕ್ಕಳು ಟಿ.ವಿ.ಯನ್ನು ಹಾಗೆಯೇ ಬಿಟ್ಟು ಎದ್ದು ಹೋಗುತ್ತಿದ್ದರು. ಒಂದು ರಾತ್ರಿ ಅದನ್ನು ಆರಿಸಲು ಎದ್ದವನು ಆರಿಸದೆ ನಿಂತೆ. ನಿಂತವನು ಕುಳಿತೆ.

ಅಂದು ಬರುತ್ತಿದ್ದ ಚಿತ್ರದ ಹೆಸರು ‘ದಿ ಶಾಪ್ ಅರೌಂಡ್ ದಿ ಕಾರ್ನರ್’. 1940ರದು; ಅರ್ನ್ಸ್ಟ್ ಲೂಬಿಚ್ ಅದರ ನಿರ್ದೇಶಕ. ಹಂಗೇರಿಯ ನಾಟಕಕಾರ ಮಿಕ್ಲೋಷ್ ಲಾಸ್ಲೋ ಬರೆದ ನಾಟಕವೊಂದು ಅದಕ್ಕೆ ಆಧಾರ. ಬುಡಾಪೆಸ್ಟ್ ನಗರದ ಮೂಲೆಯಲ್ಲೊಂದು ಅಂಗಡಿ. ಚರ್ಮದ ಚೀಲ, ಪೆಟ್ಟಿಗೆಗಳ ವ್ಯಾಪಾರ. ಅಲ್ಲಿ ಕ್ರಾಲಿಕ್ ಎಂಬ ಹಿರಿಯ ಗುಮಾಸ್ತ, ಕ್ಲಾರಾ ಎಂಬ ಹೊಸ ಹುಡುಗಿ. ಇಬ್ಬರಿಗೂ ಕ್ಷಣಮಾತ್ರ ಆಗಿಬರುವುದಿಲ್ಲ. ಆಕೆಯ ರವಿಕೆಯ ಬಣ್ಣದಿಂದ ಹಿಡಿದು ಮಾರಾಟದ ಡಬ್ಬಿಯವರೆಗೆ ಎಲ್ಲದಕ್ಕೂ ಜಗಳ. ಆದರೆ ಇಬ್ಬರೂ ಒಬ್ಬೊಬ್ಬ ಅಪರಿಚಿತರೊಡನೆ ಹೆಸರು ತಿಳಿಸದೆ ಪತ್ರವ್ಯವಹಾರ ನಡೆಸಿರುತ್ತಾರೆ. ಆ ಪತ್ರಗಳಲ್ಲಿ ಸಾಹಿತ್ಯವಿದೆ, ಆತ್ಮದ ಮಾತಿದೆ, ಎಷ್ಟೊಂದು ಮಾರ್ದವವಿದೆ! ಹಗಲು ಕಾದಾಡಿದವರೇ ರಾತ್ರಿ ಪರಸ್ಪರರಿಗೆ ಪತ್ರ ಬರೆಯುತ್ತಿದ್ದಾರೆಂಬುದು ನೋಡುವವರಿಗೆ ತಿಳಿದಿದೆ, ಅವರಿಗೆ ತಿಳಿದಿಲ್ಲ. ಕೊನೆಗೆ ಭೇಟಿಯ ರಾತ್ರಿ ಬರುತ್ತದೆ. ಹೋಟೆಲಿನ ಮೇಜಿನ ಮೇಲೆ ಗುರುತಿಗಾಗಿ ಟಾಲ್‌ಸ್ಟಾಯ್‌ಯವರ ‘ಅನ್ನಾ ಕರೆನಿನಾ’ ಮತ್ತು ಒಂದು ಹೂವು. ಕ್ರಾಲಿಕನಿಗೆ ಒಳಗೆ ಇಣುಕುವ ಧೈರ್ಯವಿಲ್ಲ. ಗೆಳೆಯ ಪಿರೋವಿಚ್ ಕಿಟಕಿಯಿಂದ ನೋಡಿ, ಒಂದೊಂದೇ ಮಾತಾಗಿ ಸತ್ಯವನ್ನು ಹೊರಗೆಡಹುತ್ತಾನೆ. ಆ ಪಿರೋವಿಚ್ ಪಾತ್ರಧಾರಿ ಫೆಲಿಕ್ಸ್ ಬ್ರೆಸಾರ್ಟನನ್ನು ನೋಡುವುದೇ ಒಂದು ಭಾಗ್ಯ. ಮಾಲೀಕನು ಪ್ರಾಮಾಣಿಕ ಅಭಿಪ್ರಾಯ ಕೇಳಲು ಬಂದನೆಂದರೆ ಸಾಕು, ಆತ ಮೆಲ್ಲನೆ ಮಾಯವಾಗುತ್ತಾನೆ. ಸಂಶೋಧನ ಸಮಿತಿಗಳಲ್ಲಿ ನಾನು ಅಂಥವರನ್ನು ಬಹಳ ಕಂಡಿದ್ದೇನೆ. ಒಮ್ಮೊಮ್ಮೆ ನಾನೇ ಅವನಾಗಿದ್ದೂ ಉಂಟು.

ಮರುವಾರ ನನ್ನ ಮಡದಿಯೂ ಪಕ್ಕದಲ್ಲಿ ಬಂದು ಕುಳಿತಳು. ಆಕೆಗೆ ಇಂಗ್ಲಿಷ್ ಬಾರದು. ನನಗೆ ಬರುವುದು ಪುಸ್ತಕದ ಇಂಗ್ಲಿಷ್. ಅವರ ಮಾತಿನ ವೇಗಕ್ಕೆ ಅರ್ಧವೂ ನಿಲುಕುತ್ತಿರಲಿಲ್ಲ. ನಾನು ಒಂದು ಮಾತಿನ ಅರ್ಥವನ್ನು ಹುಡುಕುತ್ತಿರುವಾಗಲೇ ಆಕೆ ನಕ್ಕಾಗಿರುತ್ತಿತ್ತು. ಆದರೂ ಭಾಷಾಂತರಕಾರನ ಅಧಿಕಾರವನ್ನು ನಾನು ಬಿಟ್ಟುಕೊಡಲಿಲ್ಲ. ಕೆಲವು ತಿಂಗಳ ಬಳಿಕ ಮೂಲೆಯಂಗಡಿಯ ಚಿತ್ರ ಮತ್ತೊಮ್ಮೆ ಬಂದಿತು. ಅದರಲ್ಲೊಂದು ದೃಶ್ಯವಿದೆ. ಕ್ಲಾರಾ ಅಂಚೆಕಚೇರಿಯ ತನ್ನ ಪೆಟ್ಟಿಗೆಯೊಳಗೆ ಕೈಯಿಟ್ಟು ತಡಕಾಡುತ್ತಾಳೆ, ಪತ್ರವಿಲ್ಲ. ಆ ಚಿಕ್ಕ ಗೂಡಿನ ಆಚೆ ಆಕೆಯ ಮುಖ ಮಾತ್ರ ಕಾಣುತ್ತದೆ. ಅದಕ್ಕೆ ಭಾಷಾಂತರ ಬೇಕಿರಲಿಲ್ಲ.

ಚಿತ್ರ ಮುಗಿದ ಮೇಲೆ ಆಕೆ ನನ್ನ ಮೇಜಿನ ಕಡೆ ನೋಡಿ ಕೇಳಿದಳು: “ಏನ್ರೀ, ಊರ ಮಂದಿಗೆಲ್ಲಾ ಇಷ್ಟು ಚಂದ ಪತ್ರ ಬರೀತೀರಿ, ನನಗೊಂದು ಬರದೀರೇನು ಯಾವತ್ತರೆ?”

ಮೇಜಿನ ಮೇಲೆ ಅಂದು ಹನ್ನೊಂದು ಪತ್ರಗಳಿದ್ದವು. ಮಗನನ್ನು ಕಳೆದುಕೊಂಡ ಯಾವುದೋ ಊರಿನ ತಾಯಿಗೆ ಸಮಾಧಾನದ ಎರಡು ಪುಟ, ವಚನದ ಅರ್ಥ ಕೇಳಿದ ವಿದ್ಯಾರ್ಥಿಗೆ ಒಂದು ಪುಟ, ಹೀಗೆ. ಅವುಗಳಲ್ಲಿ ನಾನು ಬಹು ಮೃದುವಾದ ಮನುಷ್ಯ. ಮನೆಯಲ್ಲಿ ನನ್ನ ಶಬ್ದಸಂಪತ್ತು ‘ಹೂಂ’, ‘ಆಯ್ತು’, ‘ಆಮೇಲೆ ನೋಡೋಣ’ ಎಂಬ ಮೂರಕ್ಕೆ ಮುಗಿಯುತ್ತಿತ್ತು. ಜೇಡರ ದಾಸಿಮಯ್ಯನ ದಾಂಪತ್ಯಭಾವವನ್ನು ಕುರಿತು ನಾಲ್ಕು ಊರುಗಳಲ್ಲಿ ಉಪನ್ಯಾಸ ಮಾಡಿ ಶಾಲು ಹೊದಿಸಿಕೊಂಡು ಬಂದವನು ನಾನು. ಆ ಶಾಲುಗಳನ್ನು ಒಗೆದು ಮಡಿಸಿಟ್ಟವಳು ಆಕೆ. ಕ್ರಾಲಿಕನನ್ನು ನೋಡಿ ನಕ್ಕ ನಗೆ ಆ ರಾತ್ರಿ ನನ್ನ ಗಂಟಲಲ್ಲಿ ಸಿಕ್ಕಿಕೊಂಡಿತು.

ಮರುದಿನ ಪೂಜೆ ಮುಗಿಸಿ ಆಕೆಗೊಂದು ಪತ್ರ ಬರೆಯಲು ಕುಳಿತೆ. ಮೊದಲ ವಾಕ್ಯ ಚೆನ್ನಾಗಿಯೇ ಬಂತು. ಮೂರನೆಯದರಲ್ಲಿ ದಾಸಿಮಯ್ಯ ಬಂದ, ಐದನೆಯದರಲ್ಲಿ ನೀಲಾಂಬಿಕೆ, ಎರಡನೆಯ ಪುಟದಲ್ಲಿ ಶರಣಸತಿ ಲಿಂಗಪತಿ ಭಾವದ ವಿವೇಚನೆ. ಓದಿ ನೋಡಿದ ಆಕೆ ಹೇಳಿದ್ದು ಇಷ್ಟೆ: “ಪೀಠಿಕೆ ಚಲೋ ಆಗೇತಿ. ಪತ್ರ ಎಲ್ಲಿ?”

ಈ ಚಿತ್ರಗಳು ಯಾವ ಕಾಲದಲ್ಲಿ ಹುಟ್ಟಿದವೆಂದು ತಿಳಿದ ಮೇಲೆ ನನ್ನ ಆದರ ಹೆಚ್ಚಿತು. ಲೂಬಿಚ್ ಬರ್ಲಿನ್ನಿನ ಯಹೂದಿ; ತಂದೆಯ ಬಟ್ಟೆ ಅಂಗಡಿಯಲ್ಲಿ ಹುಡುಗನಾಗಿ ದುಡಿದವನು. 1922ರಲ್ಲಿ ಅಮೆರಿಕೆಗೆ ಹೋದನು. ನಾಜಿಗಳು ಅವನ ಪೌರತ್ವವನ್ನು ಕಸಿದರು. ಬ್ರೆಸಾರ್ಟನೂ ಹಿಟ್ಲರನ ಜರ್ಮನಿಯನ್ನು ತೊರೆದು ಬಂದವನೇ. ಯುರೋಪು ಹೊತ್ತಿ ಉರಿಯುತ್ತಿರುವಾಗ ಅವರು ಯುರೋಪಿನದೊಂದು ಚಿಕ್ಕ ಅಂಗಡಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಕಟ್ಟಿದರು. ಅದರೊಳಗೆ ಯುದ್ಧದ ಸೊಲ್ಲೂ ಇಲ್ಲ. ಕ್ರಾಲಿಕನ ಪಾತ್ರ ಮಾಡಿದ ಜೇಮ್ಸ್ ಸ್ಟೂವರ್ಟ್ 1941ರಲ್ಲಿ ಸೈನ್ಯ ಸೇರಿ, ಮುಂದೆ ಬಾಂಬರ್ ವಿಮಾನದಲ್ಲಿ ಇಪ್ಪತ್ತು ಯುದ್ಧಯಾನಗಳನ್ನು ಮಾಡಿದನು. ಲೂಬಿಚನ ಇನ್ನೊಂದು ಚಿತ್ರ ‘ಟು ಬಿ ಆರ್ ನಾಟ್ ಟು ಬಿ’ಯಂತೂ ನಾಜಿಗಳನ್ನೇ ನಗೆಗೀಡುಮಾಡಿತು. ಅದರ ನಾಯಕಿ ಕ್ಯಾರೋಲ್ ಲೊಂಬಾರ್ಡ್ ಯುದ್ಧಸಾಲದ ಬಾಂಡುಗಳನ್ನು ಮಾರಲು ಹೋಗಿ, ಮರಳುವಾಗ 1942ರ ಜನವರಿ 16ರಂದು ವಿಮಾನ ಪರ್ವತಕ್ಕೆ ಬಡಿದು ತೀರಿಕೊಂಡಳು. ಜೊತೆಯಲ್ಲಿ ಆಕೆಯ ತಾಯಿಯೂ ಇದ್ದಳು. ಚಿತ್ರ ತೆರೆಗೆ ಬಂದದ್ದು ಆಮೇಲೆ. ವಿಮಾನದಲ್ಲಿ ಏನಾದೀತು ಎಂಬರ್ಥದ ಆಕೆಯ ಮಾತೊಂದನ್ನು ಅದರಿಂದ ಕತ್ತರಿಸಿ ತೆಗೆಯಬೇಕಾಯಿತು.

‘ದಿ ಮೋರ್ ದಿ ಮೆರಿಯರ್’ ಎಂಬ 1943ರ ಚಿತ್ರ ನೇರವಾಗಿ ಯುದ್ಧಕಾಲದ ವಾಷಿಂಗ್‌ಟನ್ನಿನದು. ನೌಕರರು ಬಂದು ತುಂಬಿ ಊರಿನಲ್ಲಿ ಬಾಡಿಗೆಗೆ ಮನೆಯಿಲ್ಲ. ದೇಶಸೇವೆಯೆಂದು ತನ್ನ ಮನೆಯ ಅರ್ಧವನ್ನು ಬಾಡಿಗೆಗೆ ಕೊಡುವ ಹುಡುಗಿ, ಆ ಅರ್ಧದಲ್ಲಿ ಅರ್ಧವನ್ನು ಇನ್ನೊಬ್ಬ ಸಿಪಾಯಿಗೆ ಕೊಟ್ಟುಬಿಡುವ ಮುದುಕ! ಬೆಳಗಿನ ಸ್ನಾನ, ಕಾಫಿಗಳಿಗೆ ಆ ಹುಡುಗಿ ನಿಮಿಷ ನಿಮಿಷದ ವೇಳಾಪಟ್ಟಿ ಹಾಕುವುದನ್ನು ಕಂಡು, ಪ್ರಸಾದನಿಲಯದ ನಲ್ಲಿಯ ಮುಂದಿನ ಸಾಲು ನೆನಪಾಗಿ ಬಿದ್ದು ಬಿದ್ದು ನಕ್ಕಿದ್ದೇನೆ. ಮುದುಕನ ಪಾತ್ರದ ಚಾರ್ಲ್ಸ್ ಕೋಬರ್ನ್‌ಗೆ ಆಸ್ಕರ್ ಬಂದಿತು. ಇದರ ನಿರ್ದೇಶಕ ಜಾರ್ಜ್ ಸ್ಟೀವನ್ಸ್ ಚಿತ್ರ ಮುಗಿಸಿ ಸೈನ್ಯದ ಛಾಯಾಗ್ರಾಹಕ ದಳದೊಡನೆ ಯುರೋಪಿಗೆ ಹೋದನು. 1945ರಲ್ಲಿ ಡಖಾವ್ ಯಾತನಾಶಿಬಿರವನ್ನು ಕಂಡು ಚಿತ್ರೀಕರಿಸಿದನು. ಹಿಂದಿರುಗಿದ ಮೇಲೆ ಆತ ಮತ್ತೆ ಹಾಸ್ಯಚಿತ್ರ ಮಾಡಲಿಲ್ಲ.

ಇದನ್ನೆಲ್ಲ ಒಮ್ಮೆ ನನ್ನ ಗುರುಗಳಾದ ಪೂಜ್ಯರ ಮುಂದೆ ನಿವೇದಿಸಿಕೊಂಡೆ. ನಿವೇದನೆ ಎನ್ನುವುದಕ್ಕಿಂತ ತಪ್ಪೊಪ್ಪಿಗೆ ಎನ್ನಬೇಕು. ಮಠದಲ್ಲಿ ಬೆಳೆದವನು ರಾತ್ರಿ ಪರದೇಶದ ಪ್ರಣಯ ನೋಡುತ್ತ ಕೂಡುತ್ತಾನೆಂದು ಅವರಿಗೆ ಇತರರಿಂದ ತಿಳಿಯುವ ಮೊದಲು ನಾನೇ ಹೇಳುವುದು ಲೇಸೆನಿಸಿತ್ತು. ಆಗಿನ ಚಿತ್ರಗಳಿಗೆ 1934ರಿಂದ ಕಟ್ಟುನಿಟ್ಟಿನ ನಿಯಮಾವಳಿ ಇತ್ತು, ಗಂಡಹೆಂಡಿರನ್ನು ಸಹ ಬೇರೆ ಬೇರೆ ಮಂಚಗಳಲ್ಲಿ ತೋರಿಸುತ್ತಿದ್ದರು ಎಂದು ಸಮರ್ಥನೆಗೆ ತೊಡಗಿದೆ. ಪೂಜ್ಯರಿಗೆ ಮಂಚಗಳಲ್ಲಿ ಆಸಕ್ತಿಯಿರಲಿಲ್ಲ. ಮಾತಿನ ನಡುವೆ ಬಂದಿದ್ದ ಹಾಲಿವುಡ್ ಕ್ಯಾಂಟೀನಿನ ವಿಷಯವನ್ನು ಹಿಡಿದರು. ನಟಿ ಬೆಟ್ಟಿ ಡೇವಿಸ್, ನಟ ಜಾನ್ ಗಾರ್ಫೀಲ್ಡ್ ಸೇರಿ 1942ರ ಅಕ್ಟೋಬರಿನಲ್ಲಿ ತೆರೆದ ಛತ್ರವದು. ಯುದ್ಧಕ್ಕೆ ಹೊರಟ ಸೈನಿಕರಿಗೆ ಊಟವೂ ಮನರಂಜನೆಯೂ ಉಚಿತ. ಹೆಸರಾಂತ ತಾರೆಯರೇ ಬಡಿಸುವವರು, ಪಾತ್ರೆ ತೊಳೆಯುವವರು. 1944ರಲ್ಲಿ ಅದೇ ಹೆಸರಿನ ಚಿತ್ರವೂ ಬಂದಿತು. ಪೂಜ್ಯರು ಕೇಳಿದರು: “ಆ ದೇಶದಾಗ ಕರಿಯರು ಬಿಳಿಯರು ಅಂತ ಭೇದ ಇತ್ತಲ್ಲ ತಮ್ಮಾ, ಪಂಕ್ತಿ ಒಂದೋ ಎರಡೋ?”

ಒಂದೇ, ಎಂದು ಹೇಳುವಾಗ ನನಗೆ ಸಂತೋಷವಾಯಿತು. ಅಮೆರಿಕೆಯ ಸೈನ್ಯದಲ್ಲೇ ಬೇರೆ ಬೇರೆ ದಳಗಳಿದ್ದ ಕಾಲದಲ್ಲಿ ಆ ಛತ್ರದ ಬಾಗಿಲು ಎಲ್ಲ ವರ್ಣದ ಸೈನಿಕರಿಗೂ ತೆರೆದಿತ್ತು. ಆದರೆ ಚಿತ್ರಗಳ ವಿಷಯದಲ್ಲಿ ಆ ಉತ್ತರ ನಿಲ್ಲುವುದಿಲ್ಲವೆಂಬುದನ್ನೂ ಹೇಳಬೇಕಾಯಿತು. ಲೀನಾ ಹಾರ್ನ್ ಎಂಬ ಅದ್ಭುತ ಗಾಯಕಿಯ ಹಾಡುಗಳನ್ನು ಕಥೆಗೆ ಹೊಂದಿಸದೆ ಬಿಡಿಯಾಗಿ ಇಡುತ್ತಿದ್ದರು. ದಕ್ಷಿಣದ ರಾಜ್ಯಗಳಲ್ಲಿ ಪ್ರದರ್ಶಿಸುವಾಗ ಕತ್ತರಿಸಲು ಅನುಕೂಲವಾಗಲೆಂದು. ‘ವೈಟ್ ಕ್ರಿಸ್‌ಮಸ್’ ಹಾಡಿನಿಂದ ಜಗತ್ತಿಗೆಲ್ಲ ಪ್ರಿಯವಾದ 1942ರ ‘ಹಾಲಿಡೇ ಇನ್’ ಚಿತ್ರದಲ್ಲಿ, ಗುಲಾಮರನ್ನು ಬಿಡುಗಡೆ ಮಾಡಿದ ಲಿಂಕನ್ನನ ಜನ್ಮದಿನದ ಹಾಡಿಗೇ ಬಿಳಿಯ ನಟರು ಮುಖಕ್ಕೆ ಮಸಿ ಬಳಿದುಕೊಂಡು ಕುಣಿಯುತ್ತಾರೆ. ಮಾದಾರ ಚೆನ್ನಯ್ಯನನ್ನು ಹಿರಿಯನೆಂದು ನೆನೆಯುವ ನಾವು ಅದನ್ನು ನೋಡಿ ಸುಮ್ಮನಿರಲಾಗದು. ನಾನು ಆ ಚಿತ್ರವನ್ನು ಮೊಮ್ಮಗಳಿಗೆ ತೋರಿಸುವಾಗ ಆ ಹಾಡನ್ನು ದಾಟಿಸಲಿಲ್ಲ, ನಿಲ್ಲಿಸಿ ಹೇಳಿದೆ. ಬದಲಿಗೆ 1943ರ ‘ಸ್ಟಾರ್ಮಿ ವೆದರ್’ ತೋರಿಸಿದೆ. ಅದರಲ್ಲಿ ನಿಕೊಲಾಸ್ ಸಹೋದರರು ಮೆಟ್ಟಿಲು ಮೆಟ್ಟಿಲಾಗಿ ಒಬ್ಬರ ಮೇಲೊಬ್ಬರು ಹಾರಿ ಇಳಿಯುವ ಕುಣಿತವನ್ನು ಆಕೆ ಮೂರು ಸಲ ನೋಡಿದಳು.

ಗೀತಚಿತ್ರಗಳಲ್ಲಿ ನನಗೆ ಅತ್ಯಂತ ಪ್ರಿಯವಾದುದು ವಿನ್ಸೆಂಟ್ ಮಿನೆಲಿಯ ‘ಮೀಟ್ ಮಿ ಇನ್ ಸೇಂಟ್ ಲೂಯಿಸ್’. 1944ರ ಚಿತ್ರ, ಕಥೆ 1903-04ರ ಸೇಂಟ್ ಲೂಯಿಸಿನದು. ತುಂಬಿದ ಮನೆ. ವಕೀಲನಾದ ತಂದೆ, ನ್ಯೂಯಾರ್ಕಿಗೆ ಹೋಗೋಣವೆಂದು ಯಾರನ್ನೂ ಕೇಳದೆ ನಿರ್ಧರಿಸಿ ಬಂದಿದ್ದಾನೆ. ಮಕ್ಕಳು ಮುನಿಸಿಕೊಂಡು ತಿಂಡಿಯ ತಟ್ಟೆ ಬಿಟ್ಟು ಮೇಲೆ ಹೋಗಿಬಿಡುತ್ತಾರೆ. ಆಗ ತಾಯಿ ಪಿಯಾನೋದ ಮುಂದೆ ಕುಳಿತು ಒಂದು ಹಳೆಯ ರಾಗ ಹಿಡಿಯುತ್ತಾಳೆ. ಗಂಡ ಹಾಡತೊಡಗುತ್ತಾನೆ, ಶ್ರುತಿ ಅವನಿಗೆ ಎಟುಕದು. ಆಕೆ ಮಾತಿಲ್ಲದೆ ಶ್ರುತಿಯನ್ನು ಇಳಿಸಿ ಮತ್ತೆ ನುಡಿಸುತ್ತಾಳೆ. ಒಬ್ಬೊಬ್ಬರಾಗಿ ಮಕ್ಕಳು ಕೆಳಗಿಳಿದು ಬಂದು ತಟ್ಟೆ ಕೈಗೆತ್ತಿಕೊಳ್ಳುತ್ತಾರೆ. ಜೂಡಿ ಗಾರ್ಲೆಂಡಳ ಹಾಡುಗಳು ಲೋಕಪ್ರಸಿದ್ಧ. ಮನೆ ಬಿಟ್ಟು ದೂರವಿದ್ದ ಸೈನಿಕರು ಆಕೆಯ ಕ್ರಿಸ್‌ಮಸ್ ಹಾಡನ್ನು ಕೇಳಿ ಕಣ್ಣೀರಿಟ್ಟಿದ್ದರೆ ಆಶ್ಚರ್ಯವಿಲ್ಲ. ಆದರೆ ನನಗೆ ಆ ಶ್ರುತಿ ಇಳಿಸಿದ ಗಳಿಗೆಯೇ ಇಡೀ ಚಿತ್ರ. ನಮ್ಮ ಮನೆಯಲ್ಲಿ ಶ್ರುತಿ ಇಳಿಸುತ್ತ ಬಂದವರು ಯಾರೆಂಬುದು ಹೇಳದೆಯೇ ತಿಳಿಯುತ್ತದೆ.

ಪತ್ರದ ಸಾಲ ಬಹುಕಾಲ ಹಾಗೆಯೇ ಉಳಿದಿತ್ತು. ಮುಂದೊಮ್ಮೆ ತಾಳೆಗರಿಗಳ ಕೆಲಸಕ್ಕೆಂದು ಚೆನ್ನೈಯಲ್ಲಿ ನಲವತ್ತು ದಿನ ಇರಬೇಕಾಯಿತು. ಮೊದಲ ರಾತ್ರಿ ಬೇಸರದಿಂದ ಒಂದು ಕಾರ್ಡು ಬರೆದೆ. ಕೋಣೆಯ ಸೊಳ್ಳೆ, ಸಾರಿನ ಹುಳಿ, ನೀರಿನ ಉಪ್ಪು, ಜೋಳದ ರೊಟ್ಟಿ ಕಾಣದೆ ಹೊಟ್ಟೆ ಮುನಿದದ್ದು. ಜಾಗ ಮುಗಿಯಿತು, ವಚನ ಬರೆಯಲು ಸ್ಥಳವಿರಲಿಲ್ಲ. ಮರುದಿನ ಇನ್ನೊಂದು. ಹೀಗೆ ಮೂವತ್ತೆಂಟು ಕಾರ್ಡುಗಳಾದವು. ಎರಡು ದಿನ ಜ್ವರ ಬಂದಿತ್ತು. ಆ ಎರಡು ದಿನ ಕಾರ್ಡು ಬರದಿದ್ದುದರಿಂದಲೇ ಆಕೆಗೆ ಜ್ವರದ ಸುಳಿವು ಹತ್ತಿತಂತೆ. ಕಾರ್ಡುಗಳು ಕಪಾಟಿನಲ್ಲಿ ಶಾಲುಗಳ ಪಕ್ಕದಲ್ಲಿವೆ.

ಟಿ.ಎನ್.ಟಿ. ನಿಂತು ಬಹಳ ವರ್ಷಗಳಾದವು. ಈಗ ಮಗಳ ಮನೆಯ ಕಂಪ್ಯೂಟರಿನಲ್ಲಿ ಬೇಕಾದ ಚಿತ್ರವನ್ನು ಬೇಕಾದಾಗ ನೋಡಬಹುದು. ಕಳೆದ ಡಿಸೆಂಬರಿನಲ್ಲಿ ಮೂಲೆಯಂಗಡಿಯನ್ನು ಮತ್ತೆ ಹಾಕಿಸಿಕೊಂಡೆವು. ಅದರ ಕೊನೆಯ ಭಾಗದಲ್ಲಿ ವೃದ್ಧ ಮಾಲೀಕನು ಹಬ್ಬದ ರಾತ್ರಿ ಹಿಮದಲ್ಲಿ ನಿಂತು, ಜೊತೆಗೆ ಉಣ್ಣಲು ಯಾರಾದರೂ ಸಿಕ್ಕಾರೆಯೇ ಎಂದು ನೌಕರರನ್ನು ಒಬ್ಬೊಬ್ಬರನ್ನಾಗಿ ವಿಚಾರಿಸುತ್ತಾನೆ. ಎಲ್ಲರಿಗೂ ಮನೆಯಿದೆ, ಮಂದಿಯಿದ್ದಾರೆ. ಕೊನೆಗೆ ಸಿಗುವವನು ಅಂಗಡಿಗೆ ಹೊಸದಾಗಿ ಸೇರಿದ ಒಂಟಿ ಹುಡುಗ. ಮುದುಕ ಆನಂದದಿಂದ ಭೋಜನದ ಪಟ್ಟಿ ಹೇಳುತ್ತಾನೆ. ನಾನು ಎಂದಿನಂತೆ ಭಾಷಾಂತರಿಸಿದೆ: ಬೆಣ್ಣೆ ಹಾಕಿದ ಬಟಾಟೆ, ಕೆಂಪು ಕೋಸಿನ ಪಲ್ಯ, ಸೌತೆಕಾಯಿಯ ಪಚಡಿ, ಸೇಬಿನ ಹೂರಣದ ಹೋಳಿಗೆಯಂಥದೊಂದು ಸಿಹಿ.

ಮೊಮ್ಮಗಳು ಎದ್ದು ಕುಳಿತಳು. “ಅಜ್ಜಾ, ಹುರಿದ ಹೆಬ್ಬಾತು ಅಂದ್ರಲ್ಲ ಅವರು, ಅದನ್ನ ಬಿಟ್ಟಿ ನೀ!”

“ಸುಮ್ಮನಿರವ್ವಾ,” ಎಂದಳು ನನ್ನ ಮಡದಿ, “ಮೂವತ್ತು ವರ್ಷದಿಂದ ಬಿಡ್ತಾರ. ನನಗ ಗೊತ್ತೈತಿ.”