ರಾಜನ ಹಾಡು

ಕಳೆದ ಚಳಿಗಾಲದಲ್ಲಿ ನಮ್ಮ ಮಗಳ ಬ್ಯಾಲೆ ಶಾಲೆಯವರು ಚೈಕೋವ್‌ಸ್ಕಿಯ ‘ಸ್ಲೀಪಿಂಗ್ ಬ್ಯೂಟಿ’ ಆಡಿದರು. ಮೈಸೂರಿನಿಂದ ಬಂದಿದ್ದ ಅಮ್ಮನನ್ನೂ ಕರೆದುಕೊಂಡು ಹೋಗಿದ್ದೆವು. ಕೊನೆಯಲ್ಲಿ ಎಲ್ಲರೂ ವೇದಿಕೆ ತುಂಬಿ ನಿಂತಾಗ ಗಂಭೀರವಾದ ಮಟ್ಟೊಂದು ಮೊಳಗಿತು. “ಇದು ಯಾವ ದೇವರ ಹಾಡೋ?” ಎಂದರು ಅಮ್ಮ. ದೇವರದಲ್ಲ, ಫ್ರಾನ್ಸಿನ ದೊರೆ ನಾಲ್ಕನೆಯ ಹೆನ್ರಿಯದು! 1890ರಲ್ಲಿ ರಷ್ಯದಲ್ಲಿ ಮೊದಲು ರಂಗಕ್ಕೆ ಬಂದ ಈ ಬ್ಯಾಲೆಯ ಮುಕ್ತಾಯಕ್ಕೆ ಚೈಕೋವ್‌ಸ್ಕಿ ಅದನ್ನು ಎತ್ತಿಕೊಂಡಿದ್ದ.

ಹೆನ್ರಿ ಮತಯುದ್ಧಗಳಿಂದ ಬಳಲಿದ್ದ ದೇಶವನ್ನು 1598ರ ನಾಂಟ್ ಶಾಸನದಿಂದ ಸಮಾಧಾನಪಡಿಸಿದವನು. 1610ರಲ್ಲಿ ಒಬ್ಬ ಮತಾಂಧ ಅವನನ್ನು ಚೂರಿಯಿಂದ ಇರಿದು ಕೊಂದ. ಹಾಡಿನಲ್ಲಿ ಇದಾವುದೂ ಇಲ್ಲ. ಕುಡಿಯುವುದು, ಕಾದಾಡುವುದು, ಹೆಣ್ಣುಗಳ ಹಿಂದೆ ಸುತ್ತುವುದು, ಮೂರರಲ್ಲೂ ನಮ್ಮ ದೊರೆ ಗಟ್ಟಿಗ ಎನ್ನುತ್ತದೆ ಅದು. ಅಮ್ಮನಿಗೆ ಅರ್ಥ ಹೇಳಿದಾಗ, “ನಮ್ಮಲ್ಲಿ ಮಹಾರಾಜರ ಮೇಲೆ ಹೀಗೆ ಹಾಡಿದ್ದರೆ ಬಿಡುತ್ತಿದ್ದರೇ?” ಎಂದು ನಕ್ಕರು.

ಮುಂದೆ ಷಾರ್ಲ್ ಕೊಲೇ ಎಂಬಾತ (ಹೆಸರಿಗೆ ಹೆದರಬೇಡಿ, ಹಾಸ್ಯನಾಟಕಕಾರ) ಇದಕ್ಕೆ ಇನ್ನಷ್ಟು ನುಡಿಗಳನ್ನು ಸೇರಿಸಿದ. ಅವನ ನಾಟಕದಲ್ಲಿ ಬೇಟೆಗೆ ಹೋದ ಹೆನ್ರಿ ದಾರಿ ತಪ್ಪಿ, ಗುರುತು ಹೇಳದೆ ಹಿಟ್ಟಿನ ಗಿರಣಿಯವನ ಮನೆಯಲ್ಲಿ ಊಟಕ್ಕೆ ಕೂರುತ್ತಾನೆ. ಆ ಮನೆಯವರು ದೊರೆಯ ಎದುರೇ ದೊರೆಯ ಹಾಡು ಹಾಡುತ್ತಾರೆ, ಯಾರೆಂದು ತಿಳಿಯದೆ! ಹದಿನೈದನೆಯ ಲೂಯಿ ಇದನ್ನು ಪ್ಯಾರಿಸ್ಸಿನಲ್ಲಿ ಆಡಗೊಡಲಿಲ್ಲ. ಅವನು ಸತ್ತ ಮೇಲೆ, 1774ರಲ್ಲಿ, ಆಡಿದರು. ಸತ್ತ ರಾಜ ಒಳ್ಳೆಯವನೆಂದರೆ ಬದುಕಿರುವವನಿಗೆ ಇರುಸುಮುರುಸು ಇರಬಹುದೇನೋ.

1788ರಲ್ಲಿ ಪ್ಯಾರಿಸ್ಸಿನ ಜನ ಹೆನ್ರಿಯ ಪ್ರತಿಮೆಯ ಮುಂದೆ ಗಾಡಿಗಳನ್ನು ತಡೆದು, ಒಳಗಿದ್ದವರಿಂದ ನಮಸ್ಕಾರ ಮಾಡಿಸಿದರು. 1792ರಲ್ಲಿ ಅದೇ ಊರಿನ ಜನ ಪ್ರತಿಮೆಯನ್ನು ಕೆಡವಿದರು. 1814ರಲ್ಲಿ ರಾಜವಂಶ ಮರಳಿದಾಗ ಈ ಹಾಡೇ ರಾಷ್ಟ್ರಗೀತೆಯಂತೆ ಮೊಳಗಿತು. 1818ರಲ್ಲಿ ಹೊಸ ಪ್ರತಿಮೆಯೂ ಬಂತು. 1830ರಲ್ಲಿ ಹತ್ತನೆಯ ಷಾರ್ಲ್ ಪಟ್ಟ ಬಿಟ್ಟು ಹೋದ ಮೇಲೆ ಹಾಡಿನ ಆ ಪದವಿಯೂ ಹೋಯಿತು.

ಅಂದು ರಾತ್ರಿ ಊಟದ ಮೇಜಿನಲ್ಲಿ ಅಮ್ಮ ತಾವಾಗಿಯೇ ‘ಕಾಯೌ ಶ್ರೀಗೌರಿ’ ಶುರು ಮಾಡಿದರು. ಬಸವಪ್ಪ ಶಾಸ್ತ್ರಿಗಳು ಬರೆದ ಮೈಸೂರು ಸಂಸ್ಥಾನದ ಗೀತೆ. ಚಿಕ್ಕಂದಿನಲ್ಲಿ ಶಾಲೆಯಲ್ಲಿ ಸಾಲಾಗಿ ನಿಂತು ಹಾಡಿದ್ದಂತೆ. ಮಗಳು ಫೋನಿನಲ್ಲಿ ಧ್ವನಿ ಹಿಡಿಯಲು ಹೊರಟಳು. ಅಮ್ಮ ನಡುವೆ ಒಂದು ಕಡೆ ತಡೆದು ನಿಂತರು. ಮುಂದಿನ ಸಾಲು ಅವರಿಗೂ ಬರಲಿಲ್ಲ, ನಮಗಂತೂ ಮೊದಲೇ ಬಾರದು. ಪೂರ್ತಿ ಬಾಯಿಪಾಠ ಇರುವ ಹಿರಿಯರು ನಮ್ಮ ಸಂಘದಲ್ಲಿದ್ದರೆ ದಯವಿಟ್ಟು ಯುಗಾದಿ ಊಟದ ದಿನ ಅಮ್ಮನ ಪಕ್ಕದಲ್ಲಿ ಕೂರಬೇಕು. ಮಗಳು ಫೋನ್ ತರುತ್ತಾಳೆ.