ನಿದ್ದೆ ಕೆಡಿಸುವ ಕೆಲಸ

‘ಮಲಗಿದ ಕೂಸನ್ನ ಎಬ್ಬಿಸಬಾರದು ಸಿಸ್ಟರ್’ ಎಂದು ಯಾರಾದರೊಬ್ಬ ಅಜ್ಜಿ ನನಗೆ ಹೇಳದ ವಾರವಿಲ್ಲ. ಐದಾರು ಮಕ್ಕಳನ್ನು ಎರೆದು ತೂಗಿದವರ ಮಾತು, ತೆಗೆದುಹಾಕುವಂಥದ್ದಲ್ಲ. ಆದರೆ ನವಜಾತ ಶಿಶುಗಳ ವಾರ್ಡಿನಲ್ಲಿ ನನಗೆ ಅರ್ಧ ಸಂಬಳ ಸಿಗುವುದೇ ಮಲಗಿದವರನ್ನು ಎಬ್ಬಿಸುವುದಕ್ಕೆ.

34 ವಾರ ತುಂಬಿ, 37 ತುಂಬುವ ಮೊದಲೇ ಹುಟ್ಟಿದ ಮಕ್ಕಳ ವಿಷಯ ಇದು. ಒಂದು ಕಿಲೋದ ಕೂಸನ್ನು ಕಂಡರೆ ಎಲ್ಲರಿಗೂ ಗಾಬರಿ, ಸುತ್ತಲೂ ಯಂತ್ರಗಳು. ಇವರು ಹಾಗಲ್ಲ. ಎರಡೂಕಾಲು ಕಿಲೋ, ಗುಂಡು ಮುಖ, ತಾಯಿಯ ಮಗ್ಗುಲಲ್ಲೇ ಹಾಸಿಗೆ. ಹಿಂದೆ ಇವರನ್ನು ‘ನಿಯರ್ ಟರ್ಮ್’ ಎನ್ನುತ್ತಿದ್ದರು, ಹೆಚ್ಚುಕಡಿಮೆ ದಿನ ತುಂಬಿದವರೇ ಎಂಬಂತೆ. ಆ ಹೆಸರೇ ಎಚ್ಚರ ತಪ್ಪಿಸುತ್ತದೆಂದು 2005ರಲ್ಲಿ ಅಮೆರಿಕದ ತಜ್ಞರು ಸಭೆ ಸೇರಿ ‘ಲೇಟ್ ಪ್ರೀಟರ್ಮ್’ ಎಂಬ ಹೆಸರನ್ನು ಸೂಚಿಸಿದರು. ಒಳ್ಳೆಯದನ್ನೇ ಮಾಡಿದರು. 34 ವಾರದ ಹೊತ್ತಿಗೆ ಮಿದುಳಿನ ತೂಕ ದಿನ ತುಂಬಿದ ಮಗುವಿನದರ ಸುಮಾರು ಮೂರರಲ್ಲಿ ಎರಡು ಪಾಲು. ಹಸಿವಾದರೂ ಅಳುವಷ್ಟು ಎಚ್ಚರವಿರುವುದಿಲ್ಲ. ನಾಲ್ಕು ಸಲ ಚೀಪಿ, ಮೊಲೆ ಬಾಯಲ್ಲಿರುವಾಗಲೇ ಕಣ್ಣು ಮುಚ್ಚುತ್ತದೆ. ಹಾಲು ಹೋಗದಿದ್ದರೆ ರಕ್ತದ ಸಕ್ಕರೆ ಇಳಿಯುತ್ತದೆ, ಮೈ ತಣ್ಣಗಾಗುತ್ತದೆ, ತಣ್ಣಗಾದಷ್ಟೂ ಮಂಪರು. ನೋಡಿದವರು ‘ಎಷ್ಟು ಸಾಧು ಮಗು!’ ಅನ್ನುತ್ತಾರೆ.

ಹೋದ ಮಳೆಗಾಲದಲ್ಲಿ ಅಂಥದೊಂದು ಸಾಧು ಹೆಣ್ಣುಕೂಸು ಬಂತು, 35 ವಾರದ್ದು. ರಾತ್ರಿ ಎರಡು ಗಂಟೆಗೆ ಹೋದರೆ ಅಜ್ಜಿ ಕೈ ಅಡ್ಡ ಹಿಡಿದರು. ‘ಈಗ ತಾನೇ ಕಣ್ಮುಚ್ಚೈತೆ, ಬಿಡವ್ವ.’ ವಾದಿಸಲಿಲ್ಲ. ಅವರ ಕೈಯನ್ನೇ ಹಿಡಿದು ಮೊದಲು ಕೂಸಿನ ಹೊಟ್ಟೆ ಮುಟ್ಟಿಸಿದೆ, ಆಮೇಲೆ ಪಾದ. ಹೊಟ್ಟೆ ಬೆಚ್ಚಗಿತ್ತು, ಪಾದ ತಣ್ಣಗೆ. ಚಳಿ ಹಿಡಿಯುತ್ತಿರುವುದರ ಮೊದಲ ಗುರುತು ಅದು. ಅಜ್ಜಿ ಕೈ ಹಿಂದಕ್ಕೆಳೆದುಕೊಂಡು ತಾವೇ ಸೊಸೆಯನ್ನು ಎಬ್ಬಿಸಿದರು. ಬಟ್ಟೆ ಬಿಚ್ಚಿ, ಟೋಪಿ ಹಾಕಿ, ಕೂಸನ್ನು ತಾಯಿಯ ಬರಿಯ ಎದೆಗೆ ಒರಗಿಸಿ ಮೇಲೆ ಕಂಬಳಿ ಹೊದಿಸಿದೆವು. ಸಕ್ಕರೆ ನೋಡಿದೆ, ಇಳಿದಿತ್ತು, ಆದರೆ ಡ್ರಿಪ್ ಬೇಕಾಗುವಷ್ಟಲ್ಲ.

ತಾಯಿ ಹಿಂಡಿ ಕೊಟ್ಟ ಹಾಲನ್ನು ಸ್ಟೀಲಿನ ಪುಟ್ಟ ಪಾತ್ರೆಗೆ ಸುರಿದಾಗ ಅಜ್ಜಿಯ ಮುಖ ಅರಳಿತು. ‘ಇದು ನಮ್ಮ ಒಳಲೆ ಅಲ್ವಾ!’ ಹೌದು, ಅದೇ. ವಾರ್ಡಿನಲ್ಲಿ ನಾವು ತಮಿಳಿನ ಹೆಸರು ಹಿಡಿದು ಪಾಲಾಡೈ ಅನ್ನುತ್ತೇವೆ. ಮನೆಯಲ್ಲಿ ಅವರಿಗೆ ಕೂಸನ್ನು ಕಾಲ ಮೇಲೆ ಅಂಗಾತ ಮಲಗಿಸಿ ಬಜೆ ತೇದು ಕುಡಿಸಿ ಅಭ್ಯಾಸ. ಇಲ್ಲಿ ಬಜೆ ಬೇಡ, ಅಂಗಾತವೂ ಬೇಡ; ತಲೆ ಎತ್ತಿ ಹಿಡಿದು, ತುಟಿಯಂಚಿಗೆ ಸ್ವಲ್ಪ ಬಿಟ್ಟು, ನುಂಗಿತೇ ಎಂದು ಕಾಯಬೇಕು. ಅವಸರಪಟ್ಟರೆ ಹಾಲು ಶ್ವಾಸಕ್ಕೆ ಇಳಿಯುತ್ತದೆ. ಕಾಯುವುದರಲ್ಲಿ ಅಜ್ಜಿ ನನಗಿಂತ ನಿಧಾನಿ.

ಮೂರನೆಯ ದಿನ ಮನೆಗೆ ಹೊರಡುವ ಗಲಾಟೆ. ಇಂಥ ಮಕ್ಕಳಿಗೆ ಕಾಮಾಲೆ ಏರುವುದು ಐದನೆಯ ದಿನದ ಆಸುಪಾಸಿನಲ್ಲಿ ಎಂದೆ, ಅಜ್ಜಿ ಮುನಿಸಿಕೊಂಡರು. ಎರಡು ದಿನ ನೀಲಿ ಬೆಳಕಿನಡಿ ಮಲಗಿಸಿ, ಎಂಟನೆಯ ದಿನ ಕಳಿಸಿಕೊಟ್ಟೆವು.